ಮಲ್ಪೆಯ ಐಸ್ ಪ್ಲಾಂಟೂ ನನ್ನ ಎಂಬಿಎ ಅರ್ಜಿಯೂ

ಚಿಕ್ಕಮ್ಮನ ಮಗಳು ಮೊನ್ನೆ ಭಾನುವಾರ ಎಂಬಿಎ ಅರ್ಜಿಯ ಪ್ರಬಂಧ ಹಿಡಿದುಕೊಂಡು ಮನೆಗೆ ಬಂದಳು. ಕಾರ್ಕಳದ ಗೇರುಬೀಜದ ಫ್ಯಾಕ್ಟರಿಯಲ್ಲಿ ಅವಳಿಗೆ 3 ವರ್ಷದ ಕೆಲಸ. ಪ್ರಬಂಧದ ಮೊದಲ ಸಾಲೇ ‘ನಾಯಕತ್ವ ನನ್ನ ಹುಟ್ಟುಗುಣ’. ಓದುತ್ತಿದ್ದ ಹಾಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮೊದಲ ಸಲ ನಾನೂ ಹೀಗೇ ಬರೆದಿದ್ದೆ. ಪ್ರವೇಶ ಪರೀಕ್ಷೆ ಜಿಮ್ಯಾಟ್‌ನ ಅಂಕ ಚೆನ್ನಾಗಿತ್ತು, ಆದರೂ ಇಂಟರ್ವ್ಯೂಗೇ ಕರೆಯಲಿಲ್ಲ.

ಬೆಂಗಳೂರಿನ ಐಐಎಂನಲ್ಲಿ ಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕದ ಜೊತೆ ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿಯ ಅಂಕಗಳನ್ನೂ ನೋಡುತ್ತಾರೆ. ಅವನ್ನು ಈಗ ಬದಲಿಸಲಿಕ್ಕೆ ಆಗುವುದಿಲ್ಲ ಅಲ್ವಾ? ಹೈದರಾಬಾದಿನ ಐಎಸ್‌ಬಿ ಎಂಬ ಬಿಸಿನೆಸ್ ಸ್ಕೂಲಿನಂಥ ಕಡೆ ಜಿಮ್ಯಾಟ್ ಅಥವಾ ಅಂಥದ್ದೇ ಪರೀಕ್ಷೆ ಜಿಆರ್‌ಇಯ ಅಂಕದ ಜೊತೆ ಪ್ರಬಂಧ, ಶಿಫಾರಸು, ಇಂಟರ್ವ್ಯೂ ಇರುತ್ತದೆ. ನಮ್ಮ ಕೈಯಲ್ಲಿರುವುದು ಅದು.

ಅಪ್ಪನದು ಮಲ್ಪೆ ಬಂದರಿನ ಹತ್ತಿರ ಐಸ್ ಪ್ಲಾಂಟ್. ಬೋಟಿನವರು ಸಾಲಕ್ಕೆ ಐಸ್ ತುಂಬಿಸಿಕೊಂಡು ಕಡಲಿಗೆ ಹೋಗುತ್ತಾರೆ, ಮೀನು ಮಾರಿದ ಮೇಲೆ ದುಡ್ಡು. ಲೆಕ್ಕವೆಲ್ಲ ಒಂದೇ ಉದ್ದನೆಯ ಪುಸ್ತಕದಲ್ಲಿ. ನೀರು ತಾಗಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ನಾನು ಒಂದೊಂದು ಬೋಟಿಗೆ ಒಂದೊಂದು ಪುಟ ಮಾಡಿದೆ. ಬೋಟು ಬಂದ ಸಂಜೆಯೇ ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಬಿಲ್ಲು ಕಳಿಸಿದೆ. 45 ದಿನಕ್ಕೆ ಬರುತ್ತಿದ್ದ ದುಡ್ಡು 20 ದಿನಕ್ಕೇ ಬರತೊಡಗಿತು. ಇಬ್ಬರು ಹಳೆಯ ಗಿರಾಕಿಗಳು ಬೇಜಾರಾಗಿ ಬೇರೆ ಪ್ಲಾಂಟಿಗೆ ಹೋದರು. ಎರಡನೇ ಸಲದ ಪ್ರಬಂಧದಲ್ಲಿ ಅದನ್ನೂ ಮುಚ್ಚಿಡದೆ ಬರೆದೆ.

ಶಿಫಾರಸಿನದ್ದೂ ಅದೇ ಕತೆ. ಮೊದಲು ಅಪ್ಪನ ಪರಿಚಯದ ದೊಡ್ಡವರೊಬ್ಬರಿಂದ ಬರೆಸಿದ್ದೆ. ಅವರು ಪ್ರೀತಿಯಿಂದಲೇ ಬರೆದರು, ಆದರೆ ಅವರಿಗೆ ನನ್ನ ಕೆಲಸ ಗೊತ್ತಿರಲಿಲ್ಲ. ಎರಡನೇ ಸಲ ಕಲ್ಸಂಕದ ನಮ್ಮ ಆಡಿಟರ್ ಹತ್ತಿರ ಕೇಳಿಕೊಂಡೆ. ಜಿಎಸ್‌ಟಿ ಲೆಕ್ಕದಲ್ಲಿ ನಾನು ಮಾಡಿದ ತಪ್ಪನ್ನೂ, ಮಾರನೇ ದಿನ ನಾನೇ ಬಂದು ಒಪ್ಪಿಕೊಂಡು ಸರಿಮಾಡಿದ್ದನ್ನೂ ಬರೆದಿದ್ದೇನೆ ಅಂತ ಆಮೇಲೆ ಹೇಳಿದರು. ಆ ಋಣ ದೊಡ್ಡದು.

ಇಂಟರ್ವ್ಯೂನಲ್ಲಿ ಕೇಳಿದ್ದು, ‘ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಪ್ಲಾಂಟ್ ಏನು ಮಾಡುತ್ತದೆ?’ ಅಂತ. ಜೂನ್ 1ರಿಂದ ಜುಲೈ 31, ಅಂದರೆ 61 ದಿನ ಟ್ರಾಲ್ ಬೋಟು ಕಡಲಿಗಿಳಿಯುವ ಹಾಗಿಲ್ಲ. ಕಂಪ್ರೆಸರ್ ಬಿಚ್ಚಿ ರಿಪೇರಿ, ಹಳೆ ಬಾಕಿ ವಸೂಲಿ, ಕೆಲಸದವರ ಸಂಬಳ ಹೊಂದಿಸುವುದು... ಇದಕ್ಕೆಲ್ಲ ಬಾಯಿಪಾಠ ಬೇಕಿರಲಿಲ್ಲ. ಸೀಟು ಸಿಕ್ಕಿತು.

ತಂಗಿಯ ಹತ್ತಿರ ಕೇಳಿದೆ, ‘ಫ್ಯಾಕ್ಟರಿಯಲ್ಲಿ ನೀನು ಬದಲಿಸಿದ್ದು ಏನು?’

ಸ್ವಲ್ಪ ಹೊತ್ತು ಸುಮ್ನೆ ಕೂತಳು. ‘ಬೇಯಿಸಿದ ಬೀಜ ಸರಿಯಾಗಿ ಆರುವ ಮೊದಲೇ ಒಡೆಯುತ್ತಿದ್ದರು. ತಿರುಳು ತುಂಡಾಗುತ್ತಿತ್ತು. ಇಡೀ ತಿರುಳಿಗೇ ರೇಟು ಜಾಸ್ತಿ ಅಲ್ವಾ, ಅದಕ್ಕೆ ಆರಿಸುವ ಹೊತ್ತು ಹೆಚ್ಚು ಮಾಡಿಸಿದೆ. ಅಷ್ಟೇ.’

‘ಅದನ್ನೇ ಬರಿ ಮಾರಾಯ್ತಿ!’

ಅಲ್ಲೇ ಕೂತು ಮೇಸ್ತ್ರಿಗೆ ಫೋನ್ ಮಾಡಿದಳು. ಮೊದಲು ಎಷ್ಟು ತುಂಡಾಗುತ್ತಿತ್ತು, ಈಗ ಎಷ್ಟು ಅಂತ ಕೇಳಿ, ಆ ‘ಹುಟ್ಟುಗುಣ’ದ ಹಾಳೆಯ ಹಿಂದೆಯೇ ಬರೆದುಕೊಂಡಳು.