ಅಮೆರಿಕದ ಲೈಬ್ರರಿ ಪೀರಿಯಡ್, ಉಡುಪಿಯ ಕಪಾಟು

ಡಿಸೆಂಬರ್ ರಜೆಗೆ ಮಂಗಳೂರಿಗೆ ಟಿಕೆಟ್ ಮಾಡಿದವರು ಕಲಿತ ಶಾಲೆಗೆಂದು ಸೂಟ್‌ಕೇಸಿನ ಅಡಿಗೆ ಹತ್ತಿಪ್ಪತ್ತು ಇಂಗ್ಲಿಷ್ ಮಕ್ಕಳ ಪುಸ್ತಕ ತುಂಬಿಸುವುದು ಇಲ್ಲಿ ಅಮೆರಿಕದಲ್ಲಿ ಮಾಮೂಲು. ಗಟ್ಟಿ ರಟ್ಟಿನ ಚಿತ್ರಪುಸ್ತಕ ಒಂದೊಂದೂ ಅರ್ಧ ಕಿಲೋ ಹತ್ತಿರ ತೂಗುತ್ತದೆ. ಇಪ್ಪತ್ತಕ್ಕೆ ಹತ್ತು ಕಿಲೋ ಆಯಿತು. ಕೊಟ್ಟವರ ಜೊತೆ ಒಂದು ಫೋಟೋ ಆದ ಮೇಲೆ ಪುಸ್ತಕಗಳು ಹೆಡ್‌ಮಾಷ್ಟ್ರ ಕೋಣೆಯ ಸ್ಟೀಲ್ ಕಪಾಟು ಸೇರುತ್ತವೆ, ಬೀಗ ಬೀಳುತ್ತದೆ. ಮಾಷ್ಟ್ರನ್ನು ದೂರಿ ಪ್ರಯೋಜನ ಇಲ್ಲ. ಸ್ಟಾಕ್ ರಿಜಿಸ್ಟರಿಗೆ ಏರಿದ ಪುಸ್ತಕ ಕಾಣೆಯಾದರೆ ಉತ್ತರ ಹೇಳಬೇಕಾದವರು ಅವರೇ. ಪುಸ್ತಕ ಇರುವುದು ಬಳಸುವುದಕ್ಕೆ ಎಂದು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದನ್ನು ಬರೆದ ಎಸ್. ಆರ್. ರಂಗನಾಥನ್ 1917ರಲ್ಲಿ ಗಣಿತ ಕಲಿಸಲು ಸೇರಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಅದೇ ಊರಿನ ಸುತ್ತ ಇಷ್ಟೊಂದು ಬೀಗ!

ಇಲ್ಲಿಂದ ಒಯ್ಯುವುದಾದರೆ ಪುಸ್ತಕಕ್ಕಿಂತ ಮೊದಲು ಒಯ್ಯಬೇಕಾದದ್ದು ಇಲ್ಲಿನ ಲೈಬ್ರರಿ ಪೀರಿಯಡ್ಡಿನ ಕ್ರಮ. ಅದಕ್ಕೆ ಲಗೇಜ್ ತೂಕವೂ ಇಲ್ಲ.

ಅಮೆರಿಕದ ಬಹಳಷ್ಟು ಪ್ರಾಥಮಿಕ ಶಾಲೆಗಳಲ್ಲಿ ಪ್ರತಿ ತರಗತಿಗೂ ವಾರಕ್ಕೊಮ್ಮೆ ಮೂವತ್ತರಿಂದ ನಲವತ್ತೈದು ನಿಮಿಷ ಲೈಬ್ರರಿ ಉಂಟು. ಒಳಗೆ ಬರುವಾಗಲೇ ಹಳೆ ಪುಸ್ತಕ ಪೆಟ್ಟಿಗೆಗೆ ಬೀಳಬೇಕು. ಆಮೇಲೆ ನೆಲದ ಮೇಲೆ ಕುಳಿತು ಹತ್ತು ನಿಮಿಷ ಗಟ್ಟಿ ಓದು ಕೇಳುವುದು. ನಂತರ ಹದಿನೈದು ನಿಮಿಷ ಪುಸ್ತಕ ಆರಿಸುವುದು, ಉಳಿದಷ್ಟು ಹೊತ್ತು ಆರಿಸಿದ್ದನ್ನು ಅಲ್ಲೇ ಓದುವುದು. ಚಿಕ್ಕವರಿಗೆ ಒಂದು ಪುಸ್ತಕ, ದೊಡ್ಡವರಿಗೆ ಎರಡು. ಹಿಂದಿನದು ಬಾರದೆ ಹೊಸದು ಇಲ್ಲ, ಆದರೆ ಆ ದಿನ ಅಲ್ಲೇ ಕುಳಿತು ಓದಲು ಅಡ್ಡಿಯಿಲ್ಲ. ಈ ಕೊನೆಯ ನಿಯಮ ಸಣ್ಣದಾಗಿ ಕಾಣಬಹುದು. ಮರೆತು ಬಂದ ಮಗುವನ್ನು ಮೂಲೆಯಲ್ಲಿ ಕೂರಿಸಿದರೆ ಅದು ಮುಂದಿನ ವಾರದಿಂದ ಪುಸ್ತಕವನ್ನೇ ಮುಟ್ಟುವುದಿಲ್ಲ.

ಗಟ್ಟಿ ಓದಿನಲ್ಲಿ ಎಲ್ಲರೂ ಎಡವುವುದು ಬೆಳಕಿನಲ್ಲಿ. ಟೀಚರ್ ಕಿಟಕಿಗೆ ಬೆನ್ನು ಹಾಕಿ ಕುಳಿತರೆ ಮಕ್ಕಳ ಕಣ್ಣಿಗೆ ಬೆಳಕು ಹೊಡೆದು ಚಿತ್ರ ಕಪ್ಪಾಗಿ ಕಾಣುತ್ತದೆ. ಮಕ್ಕಳ ಬೆನ್ನು ಕಿಟಕಿಯ ಕಡೆಗಿರಲಿ. ಓದುವವರಿಗೆ ಒಂದು ಕುಳ್ಳು ಸ್ಟೂಲು ಸಾಕು. ಪುಸ್ತಕದ ಬೆನ್ನಿನ ಕೆಳಭಾಗವನ್ನು ಒಂದು ಕೈಯಲ್ಲಿ ಹಿಡಿದು, ಹೆಗಲಿನ ಎತ್ತರಕ್ಕೆ, ಮುಖದ ಪಕ್ಕದಲ್ಲಿ ತೆರೆದಿಟ್ಟು ಓದಬೇಕು. ಓದಿ ಮುಗಿಸಿ ಆಮೇಲೆ ಚಿತ್ರ ತೋರಿಸುವುದಲ್ಲ, ಎರಡೂ ಒಟ್ಟಿಗೆ. ಹಾಗಾಗಬೇಕಾದರೆ ಹಿಂದಿನ ದಿನ ಎರಡು ಸಲ ಓದಿಕೊಂಡಿರಲೇಬೇಕು. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆಯನ್ನು ಮಡಚಿದಾಗ ಪುಟಗಳು ಎಂಟರ, ಹದಿನಾರರ ಲೆಕ್ಕದಲ್ಲೇ ಸಿಗುವುದರಿಂದ ಮುದ್ರಣಕ್ಕೆ ಆ ಸಂಖ್ಯೆ ಒಗ್ಗುತ್ತದೆ. ಓದಲು ಎಂಟು ಹತ್ತು ನಿಮಿಷ ಹಿಡಿಯುತ್ತದೆ. ನಿಲ್ಲಿಸಿ ಕೇಳುವ ಜಾಗ ಮೂರಕ್ಕಿಂತ ಹೆಚ್ಚು ಬೇಡ. ಪುಟ ಮಗುಚುವ ಮೊದಲು "ಈಗ ಏನಾದೀತು?" ಎಂದರೆ ಕತೆ ಮುಂದೆ ಓಡುತ್ತದೆ. "ಇದು ಯಾವ ಬಣ್ಣ?" ಎಂದರೆ ಅಲ್ಲೇ ಕೂರುತ್ತದೆ. ಕೊನೆಗೆ "ನೀತಿ ಏನು?" ಎಂದು ಕೇಳುವ ನಮ್ಮ ಹಳೆ ಚಟ ಒಂದುಂಟು. ಅದನ್ನು ಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ನಮ್ಮ ಕಡೆಯ ಮಗುವಿಗೆ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರುತ್ತದೆ. ಓದು ಕನ್ನಡದಲ್ಲಿರಲಿ, ನಡುವಿನ ಮಾತು ಮಗುವಿಗೆ ಬಾಯಿಗೆ ಬಂದ ಭಾಷೆಯಲ್ಲಿರಲಿ.

ಪುಸ್ತಕ ಆರಿಸಲು ಇಲ್ಲಿ ಐದು ಬೆರಳಿನ ಲೆಕ್ಕ ಹೇಳಿಕೊಡುತ್ತಾರೆ. ಒಂದು ಪುಟ ತೆರೆದು ಓದು, ಗೊತ್ತಿಲ್ಲದ ಪದ ಸಿಕ್ಕಿದಾಗಲೆಲ್ಲ ಒಂದು ಬೆರಳು ಮಡಚು. ಎರಡು ಮೂರಾದರೆ ಸರಿಯಾದ ಪುಸ್ತಕ, ಐದೂ ಮಡಚಿದರೆ ಈಗ ಬೇಡ. ಇದನ್ನು ಕನ್ನಡಕ್ಕೆ ಹಾಗೆಯೇ ಎತ್ತಿಟ್ಟರೆ ಕೆಡುತ್ತದೆ. ಇಂಗ್ಲಿಷ್ ಮಗು ಗೊತ್ತಿಲ್ಲದ ಪದದ ಸ್ಪೆಲ್ಲಿಂಗಿನಲ್ಲೇ ತಡವರಿಸುತ್ತದೆ, ಹಾಗಾಗಿ ತನಗೇ ತಿಳಿಯುತ್ತದೆ. ಕನ್ನಡದಲ್ಲಿ ಅಕ್ಷರ ಬಲ್ಲ ಮಗು ಅರ್ಥವಾಗದ ಪದವನ್ನೂ ಸರಾಗ ಓದಿ ಮುಂದೆ ಹೋಗುತ್ತದೆ. ಅದು ತಡೆಯುವುದು ಒತ್ತಕ್ಷರದ ಬಳಿ ಮಾತ್ರ. ಆದ್ದರಿಂದ ಬೆರಳಿನ ಬದಲು ಒಂದು ಪುಟ ಓದಿಸಿ, ಪುಸ್ತಕ ಮುಚ್ಚಿ, "ಇದರಲ್ಲಿ ಏನಾಯಿತು?" ಎಂದು ಕೇಳಿ. ಎರಡು ವಾಕ್ಯ ಬಂದರೆ ಪುಸ್ತಕ ಅದರದ್ದು. ಅಳತೆಗೋಲು ಬೇಕಾದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದ ಹಂತಗಳು ಚೆನ್ನಾಗಿವೆ: ಮೊದಲನೇ ಹಂತ 250 ಪದಗಳ ಒಳಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ.

ಅಲ್ಲಿನ ಕನ್ನಡ ಕತೆಗಳನ್ನು ಉಚಿತವಾಗಿ ಇಳಿಸಿಕೊಂಡು ಪ್ರಿಂಟ್ ಮಾಡಬಹುದು. ಸೂಟ್‌ಕೇಸಿನ ಹತ್ತು ಕಿಲೋ ಇಂಗ್ಲಿಷಿಗಿಂತ ಉಡುಪಿಯ ಒಂದು ಜೆರಾಕ್ಸ್ ಅಂಗಡಿ ಹೆಚ್ಚು ಕೆಲಸ ಮಾಡೀತು. ನಾಲ್ಕು ಎ4 ಹಾಳೆಯ ಎರಡೂ ಬದಿಗೆ ಮುದ್ರಿಸಿ ನಡುವೆ ಮಡಚಿದರೆ ಹದಿನಾರು ಪುಟ. ಪ್ರಿಂಟ್ ಕೊಡುವಾಗ ಬುಕ್‌ಲೆಟ್ ಎಂದೇ ಹೇಳಬೇಕು, ಇಲ್ಲವಾದರೆ ಪುಟಗಳು ಹಿಂದೆಮುಂದೆ ಬರುತ್ತವೆ. ಸ್ಟೇಪ್ಲರ್ ಪಿನ್ ಹೊಡೆಯಬೇಡಿ. ಕರಾವಳಿಯ ಉಪ್ಪುಗಾಳಿಗೆ ಒಂದೆರಡು ಮಳೆಗಾಲದಲ್ಲಿ ಪಿನ್ ತುಕ್ಕು ಹಿಡಿದು ಕಾಗದವನ್ನೂ ತಿನ್ನುತ್ತದೆ. ಮಡಿಕೆಯ ಮೇಲೆ ಮೂರು ತೂತು ಮಾಡಿ ದಪ್ಪ ನೂಲಿನಿಂದ ಹೊಲಿಯಿರಿ. ನಡುವಿನ ತೂತಿನಲ್ಲಿ ಒಳಗಿನಿಂದ ಹೊರಕ್ಕೆ, ಮೇಲಿನದರಲ್ಲಿ ಒಳಕ್ಕೆ, ಅಲ್ಲಿಂದ ನೇರ ಕೆಳಗಿನ ತೂತಿಗೆ ಇಳಿದು ಹೊರಕ್ಕೆ, ಮತ್ತೆ ನಡುವಿನದರಲ್ಲಿ ಒಳಕ್ಕೆ. ಉದ್ದ ಎಳೆಯ ಎಡಬಲದಲ್ಲಿ ನೂಲಿನ ಎರಡು ತುದಿ ಉಳಿಯುತ್ತವೆ, ಅವನ್ನು ಗಂಟು ಹಾಕಿದರೆ ಆಯಿತು.

ಜೋಡಣೆಯ ವಿಷಯ. ಇಲ್ಲಿ ಮಕ್ಕಳು ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ಸಂಖ್ಯೆಗಳನ್ನು ಬಸ್ ನಂಬರಿನ ಹಾಗೆ ಬಾಯಿಪಾಠ ಮಾಡಿಕೊಂಡಿರುತ್ತಾರೆ: 567.9 ಡೈನೋಸಾರ್, 636.7 ನಾಯಿ, 741.5 ಕಾಮಿಕ್ಸ್, 398.2 ಜನಪದ ಕತೆ. ಇನ್ನೂರು ಪುಸ್ತಕದ ಶಾಲೆಗೆ ಅಷ್ಟೆಲ್ಲ ಬೇಡ. ಬೆನ್ನಿಗೆ ನಾಲ್ಕು ಬಣ್ಣದ ಪಟ್ಟಿ ಸಾಕು: ಚಿತ್ರಪುಸ್ತಕ, ಕತೆ, ಹಾಡು, ಲೋಕಜ್ಞಾನ. ಬಣ್ಣದ ಕಾಗದದ ಮೇಲೆ ಅಗಲದ ಪಾರದರ್ಶಕ ಟೇಪ್ ಎಳೆಯದಿದ್ದರೆ ಜುಲೈಯೊಳಗೆ ಉದುರುತ್ತದೆ. ಮುಖಪುಟ ಕಾಣುವಂತೆ ಇಡುವುದು ಮಾತ್ರ ಬಿಡಬಾರದು. ಓದು ಬಾರದ ಮಗು ಪುಸ್ತಕ ಹುಡುಕುವುದು ಚಿತ್ರ ನೋಡಿ. ಗೋಡೆಗೆ ಮಗುವಿನ ಎದೆಮಟ್ಟದಲ್ಲಿ ಮರದ ರೀಪು ಹೊಡೆದು, ಪುಸ್ತಕ ಜಾರದ ಹಾಗೆ ಮುಂದೆ ಒಂದು ಹಗ್ಗ ಕಟ್ಟಿದರೆ ಅದೇ ಶೆಲ್ಫು.

ತೆಗೆದ ಪುಸ್ತಕ ಮತ್ತೆ ಅದೇ ಜಾಗಕ್ಕೆ ಹೋಗಲು ಇಲ್ಲಿನ ಮಕ್ಕಳ ಕೈಯಲ್ಲಿ ಅಡಿಕೋಲಿನಂಥ ಪಟ್ಟಿ ಇರುತ್ತದೆ. ಪುಸ್ತಕ ಎಳೆದ ಸಂದಿಗೆ ಅದನ್ನು ತೂರಿಸಿಟ್ಟು, ಬೇಡವಾದರೆ ಅಲ್ಲೇ ವಾಪಸ್ ಇಡುತ್ತಾರೆ. ರಟ್ಟಿನದೇ ಸಾಕು, ಮೂವತ್ತು ಸೆಂಟಿಮೀಟರ್ ಉದ್ದ, ಐದು ಅಗಲ, ಮೇಲೆ ಮಗುವಿನ ಹೆಸರು. ಅಡಿಕೆ ಹಾಳೆಯಲ್ಲಿ ಮಾಡುವ ಆಸೆ ಬಂದೀತು. ಮಳೆಗಾಲದಲ್ಲಿ ಸುರುಳಿ ಸುತ್ತಿ ಬೂಸ್ಟು ಹಿಡಿಯುತ್ತದೆ, ಬೇಡ.

ಚಟುವಟಿಕೆಗಳು ಸಾವಿರ ಇವೆ, ಬಹುತೇಕ ಬಣ್ಣದ ಕಾಗದ ಕತ್ತರಿಸುವ ಕೆಲಸ. ಎರಡನ್ನು ಮಾತ್ರ ಹೇಳುತ್ತೇನೆ. ಒಂದು, ಮಕ್ಕಳು ನಾಯಿಗೆ ಓದಿ ಹೇಳುವುದು. 1999ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಆರಂಭವಾದ ಕ್ರಮ ಇದು. ನಗಬೇಡಿ, ನಾಯಿ ತಪ್ಪು ತಿದ್ದುವುದಿಲ್ಲ ಎಂಬುದೇ ಅದರ ಗುಟ್ಟು. ಊರಲ್ಲಿ ಐದನೇ ತರಗತಿಯವರು ಒಂದನೆಯವರಿಗೆ ಓದಿ ಹೇಳಲಿ, ಅದೇ ಧೈರ್ಯ ಬರುತ್ತದೆ. ಓದು ಹಿಂದುಳಿದ ಐದನೆಯ ಹುಡುಗನೂ ಅಲ್ಲಿ ದೊಡ್ಡಣ್ಣ, ಸಣ್ಣ ಪುಸ್ತಕ ಹಿಡಿದರೆ ಅವಮಾನವಿಲ್ಲ. ಇನ್ನೊಂದು, ಕತೆಯನ್ನು ಪಾತ್ರ ಹಂಚಿಕೊಂಡು ಕೈಯಲ್ಲಿ ಹಾಳೆ ಹಿಡಿದು ಓದುವುದು. ವೇಷವಿಲ್ಲ, ಕುಣಿತವಿಲ್ಲ, ಎಲ್ಲ ದನಿಯಲ್ಲೇ. ತಾಳಮದ್ದಳೆ ಕೇಳಿ ಬೆಳೆದ ಊರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆರು ಪಾತ್ರಕ್ಕೆ ಏಳು ಪ್ರತಿ ಬೇಕು, ಏಳನೆಯದು ಟೀಚರಿಗೆ. ಒಂದೊಂದು ಪ್ರತಿಯಲ್ಲಿ ಒಂದೊಂದು ಪಾತ್ರದ ಮಾತಿಗೆ ಬಣ್ಣ ಬಳಿದಿಟ್ಟರೆ ಸರದಿ ತಪ್ಪುವುದಿಲ್ಲ.

ಎರವಲು ಬರೆಯಲು ಪುಸ್ತಕಕ್ಕೊಂದಲ್ಲ, ಮಗುವಿಗೊಂದು ಪುಟ ಇರಲಿ. ತಾರೀಕು, ಪುಸ್ತಕದ ನಂಬರು, ವಾಪಸಿಗೆ ಗೀಟು. ಯಾವ ಮಗು ಒಂದು ತಿಂಗಳಿಂದ ಏನೂ ಒಯ್ದಿಲ್ಲ ಎಂದು ಆ ಪುಟವೇ ಹೇಳುತ್ತದೆ. ಕಳೆದ ಪುಸ್ತಕಕ್ಕೆ ಹೆಡ್‌ಮಾಷ್ಟ್ರು ಜವಾಬ್ದಾರರಾಗದಿರಲು ಹಳೆ ವಿದ್ಯಾರ್ಥಿ ಸಂಘ ವರ್ಷಕ್ಕೆ ಹತ್ತು ಪುಸ್ತಕ ತುಂಬಿಕೊಡುತ್ತೇವೆ ಎಂದು ಬರೆದುಕೊಡಲಿ. ಬೀಗ ತೆರೆಯಲು ಅದಕ್ಕಿಂತ ಒಳ್ಳೆಯ ಕೀಲಿ ಇಲ್ಲ.

ಹರಿದ ಪುಟಕ್ಕೆ ಮಾಮೂಲು ಸೆಲ್ಲೋಟೇಪ್ ಅಂಟಿಸಿದರೆ ಕಾಲ ಕಳೆದಂತೆ ಹಳದಿಯಾಗಿ ಅಂಟು ಸೋರುತ್ತದೆ. ತೆಳು ಬಿಳಿ ಕಾಗದದ ಪಟ್ಟಿಯನ್ನು ಫೆವಿಕಾಲಿನಿಂದ ಹಚ್ಚುವುದು ವಾಸಿ. ಮೈದಾ ಅಂಟು ಹುಳುವನ್ನು ಕರೆಯುತ್ತದೆ, ಅದಕ್ಕೆ ವಿಷವಾದ ಮೈಲುತುತ್ತು (ಕಾಪರ್ ಸಲ್ಫೇಟ್) ಬೆರೆಸುವ ಹಳೆ ಬೈಂಡರುಗಳ ಉಪಾಯ ಮಕ್ಕಳು ಬೆರಳು ಚೀಪುವ ಪುಸ್ತಕಕ್ಕೆ ಸಲ್ಲದು. ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರ, ನೆಲದಿಂದ ಒಂದು ಇಟ್ಟಿಗೆ ಎತ್ತರ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಗೆ ಹೋಗುವ ಪ್ರತಿ ಪುಸ್ತಕಕ್ಕೂ ಬಾಯಿ ಮಡಚುವ ಪ್ಲಾಸ್ಟಿಕ್ ಚೀಲ ಕೊಡಿ, ಚೀಲಕ್ಕೂ ಅದೇ ನಂಬರು ಬರೆಯಿರಿ. ಒದ್ದೆಯಾಗಿ ಬಂದ ಪುಸ್ತಕವನ್ನು ಬಿಸಿಲಿಗೆ ಇಡಬೇಡಿ, ರಟ್ಟು ಬಾಗುತ್ತದೆ. ಪುಟಗಳ ನಡುವೆ ಅಲ್ಲಲ್ಲಿ ಉದಯವಾಣಿಯ ಹಳೆ ಹಾಳೆ ಸೇರಿಸಿ, ಫ್ಯಾನಿನ ಕೆಳಗೆ ನಿಲ್ಲಿಸಿ, ಎರಡು ಗಂಟೆಗೊಮ್ಮೆ ಹಾಳೆ ಬದಲಿಸಿ. ಪೂರ್ತಿ ಒಣಗಿದ ಮೇಲೆ ಒಂದು ರಾತ್ರಿ ಮೇಲೆ ಭಾರ ಇಡಿ.