ಬೆಳಗ್ಗೆ ಏಳದ ಪಿಸಿ, ಕೊನೆಗೂ ಎದ್ದಿತು

ಸಿಕ್ಕಿಬಿತ್ತು! ಮೂರು ವಾರ ನನ್ನ ತಲೆ ತಿಂದಿದ್ದು ಪೆನ್ಸಿಲ್ ದಪ್ಪದ ಒಂದು ಕೆಪಾಸಿಟರ್, ಅಂದರೆ ಕರೆಂಟನ್ನು ಹಿಡಿದಿಟ್ಟು ಬಿಡುವ ಪುಟ್ಟ ಡಬ್ಬಿ.

ರ‍್ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿದ್ದು, ಬೋರ್ಡಿನ ಮೇಲಿನ ಬಟನ್ ಸೆಲ್ ಬದಲಿಸಿದ್ದು, ಸ್ಕ್ರೂಡ್ರೈವರ್‌ನಿಂದ ಪವರ್ ಪಿನ್ ಮುಟ್ಟಿಸಿದ್ದು, ಅದೆಲ್ಲ ನೀವೂ ಮಾಡಿರ್ತೀರಿ, ಬಿಡಿ. ಪಿಸಿಗೆ ಕರೆಂಟ್ ಕೊಡುವ ಡಬ್ಬಿ ಎಸ್‌ಎಂಪಿಎಸ್‌ನ ಹಸಿರು ವೈರನ್ನು ಕಪ್ಪಿಗೆ ಜೋಡಿಸಿದೆ. ಫ್ಯಾನ್ ತಿರುಗಿತು. ಹಾಗಾದರೆ ಅದು ಸರಿಯಿದೆ, ಮದರ್‌ಬೋರ್ಡೇ ಹೋಗಿದೆ ಅಂದುಕೊಂಡು ಸೆಕೆಂಡ್‌ಹ್ಯಾಂಡ್ ಬೋರ್ಡ್ ತಂದೆ. ಮರುದಿನ ಬೆಳಗ್ಗೆ ಅದೂ ಗಪ್‌ಚುಪ್.

ನಾನು ಪೆದ್ದ. ಟೆಸ್ಟ್ ಮಾಡಿದ್ದೆಲ್ಲ ಆಫೀಸ್ ಮುಗಿಸಿ ಬಂದ ಮೇಲೆ, ಸೆಕೆಗೆ. ಪಿಸಿ ಕೈಕೊಡ್ತಿದ್ದದ್ದು ಬೆಳಗಿನ ಚಳಿಯಲ್ಲಿ ಮಾತ್ರ!

ಭಾನುವಾರ ಆರು ಗಂಟೆಗೇ ಎದ್ದು, ಬೋರ್ಡಿಗೆ ಸಿಕ್ಕಿಸಿದ ಹಾಗೇ ನೇರಳೆ ವೈರಿಗೆ ಮೀಟರ್ ಹಿಡಿದೆ. 5 ವೋಲ್ಟ್ ಸ್ಟ್ಯಾಂಡ್‌ಬೈ (ಪಿಸಿ ಆಫ್ ಇದ್ದಾಗಲೂ ಬರುವ ಕರೆಂಟ್) ಇರಬೇಕಾದಲ್ಲಿ 3.9. ಕನಿಷ್ಠ 4.75 ಬೇಕು. ಹೆಂಡತಿಯ ಹೇರ್ ಡ್ರೈಯರ್ ತಂದು ಎಸ್‌ಎಂಪಿಎಸ್ ಜಾಲರಿಯೊಳಗೆ ಬಿಸಿಗಾಳಿ ಬಿಟ್ಟೆ. 4.2... 4.6... 4.9. ಬಟನ್ ಒತ್ತಿದೆ. ಬೀಪ್! "ತಲೇಲಿ ಕೂದಲೇ ಇಲ್ಲ, ಡ್ರೈಯರ್ ಯಾಕೆ?" ಅಂತ ಅಡುಗೆಮನೆಯಿಂದ ದನಿ.

ಪಿಸಿ ಆಫ್ ಮಾಡಿದರೂ ಪ್ಲಗ್ ಇರುವಷ್ಟು ಹೊತ್ತು ಸ್ಟ್ಯಾಂಡ್‌ಬೈ ಸರ್ಕ್ಯೂಟ್‌ಗೆ ನಿದ್ದೆಯಿಲ್ಲ. ಅಲ್ಲಿನ ಕೆಪಾಸಿಟರ್ ವರ್ಷಗಟ್ಟಲೆ ಬಿಸಿ ತಿಂದು ಒಳಗೇ ಒಣಗಿತ್ತು. ಇಎಸ್‌ಆರ್, ಅಂದರೆ ಕೆಪಾಸಿಟರ್ ಒಳಗಿನ ಅಡ್ಡಿ (ರೆಸಿಸ್ಟೆನ್ಸ್), ಏರಿತ್ತು. ಚಳಿಗೆ ಅದು ಇನ್ನೂ ಜಾಸ್ತಿ ಆಗುತ್ತೆ. ಬಿಚ್ಚಿ ನೋಡಿದರೆ ತಲೆ ಒಂಚೂರು ಉಬ್ಬಿತ್ತು, ಪೂರಿಯ ಹಾಗಲ್ಲ, ಬೆರಳಾಡಿಸಿದರೆ ಗೊತ್ತಾಗುವಷ್ಟು. (ಬೆರಳಾಡಿಸುವ ಮೊದಲು ಅಲ್ಲೇ ಇರುವ ಇನ್ನೊಂದು ದೊಡ್ಡ ಕೆಪಾಸಿಟರ್ ಖಾಲಿಯಾಗಿದೆಯಾ ಅಂತ ಮೀಟರಿನಲ್ಲಿ ನೋಡಿ. 230ರ ಕರೆಂಟ್ ಅಲ್ಲಿ 325 ವೋಲ್ಟ್ ಆಗಿ ಕೂತಿರುತ್ತೆ.)

1000 ಮೈಕ್ರೋಫ್ಯಾರಡ್, 10 ವೋಲ್ಟ್, ಲೋ ಇಎಸ್‌ಆರ್, 105 ಡಿಗ್ರಿ ಬಿಸಿ ತಾಳುವಂಥದ್ದು ಅಂತ ಬರೆದುಕೊಟ್ಟೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ನಿಂದ ಕೊರಿಯರಿನಲ್ಲಿ ಬಂದಿದ್ದು 85 ಡಿಗ್ರಿಯದು. ಫೋನ್ ಮಾಡಿದರೆ "ಎಲ್ಲಾ ಒಂದೇ ಸಾರ್, ಹಾಕ್ಕೊಳ್ಳಿ." ಒಂದೇ ಆಗಿದ್ರೆ ಅದರ ಮೇಲೆ ಯಾಕೆ ಬರೀತಾರೆ ಮಾರಾಯ? ಎಂಟು ರೂಪಾಯಿ ಮಾಲಿಗೆ ಎಂಬತ್ತು ರೂಪಾಯಿ ಕೊರಿಯರ್, ಅದೂ ಎರಡು ಸಲ.

ಸರಿಯಾದದ್ದು ಹಾಕಿ ಐದು ದಿನ ಆಯಿತು. ಬೆಳಗ್ಗೆ ಮೀಟರಿನಲ್ಲಿ 5.04 ವೋಲ್ಟ್.

ಸುಮ್ನೆ ತಂದ ಆ ಬೋರ್ಡ್ ಈಗ ಮನೆಯ ಫೈಲ್ ಸರ್ವರ್ ಆಗಲಿದೆ. ಕ್ಯಾಬಿನೆಟ್ ಬದಲು ಅಜ್ಜಿಯ ತಗಡಿನ ಟ್ರಂಕ್. 120 ಮಿಲಿಮೀಟರ್ ಫ್ಯಾನಿಗೆ ತೂತು ಎಲ್ಲಿ ಕೊರೆಯಬೇಕು ಅಂತ ಗುರುತೂ ಹಾಕಿದ್ದೇನೆ. ಒಳಗಿರುವ ಸೀರೆಗಳ ವಿಷಯ ಮನೆಯಲ್ಲಿ ಇನ್ನೂ ಎತ್ತಿಲ್ಲ.