ವೈರ್ ಇದ್ದರೆ ಕಂಟ್ರೋಲ್, ಇಲ್ಲದಿದ್ದರೆ ಕ್ಯಾಪ್ಸ್ ಲಾಕ್

ಕ್ಯಾಪ್ಸ್ ಲಾಕ್ ಕೀಯನ್ನು ನಾನು ಬೇಕಂತಲೇ ಒತ್ತಿದ್ದು ನೆನಪಿಲ್ಲ, ಕೈತಪ್ಪಿ ಒತ್ತಿದ್ದೇ ಜಾಸ್ತಿ. ಹೊಸ ಕೀಬೋರ್ಡ್ ಬಂತಲ್ಲ, ಇದನ್ನು ಕಂಟ್ರೋಲ್ ಕೀಯಾಗಿ ಬದಲಾಯಿಸಿಬಿಡೋಣ ಅಂತ ಕೂತೆ. ಲಿನಕ್ಸ್‌ನಲ್ಲಿ ಇದಕ್ಕೆ ದಾರಿ ಬೇಕಾದಷ್ಟಿವೆ. ನಾನು ಹಿಡಿದದ್ದು ಯೂಡೆವ್ (ಚುಚ್ಚಿದ ಸಾಧನಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಜೊತೆ ಬರುವ ಹಾರ್ಡ್‌ವೇರ್ ಡೇಟಾಬೇಸ್. ಎರಡು ಸಾಲಿನ ಕೆಲಸ, ಇಡೀ ಸಂಜೆ ತಿಂದುಹಾಕಿತು.

ಡೇಟಾಬೇಸ್ ಅಂದರೆ ಹೆದರಬೇಡಿ, ಅದು ಸುಮ್ನೆ ಒಂದಷ್ಟು ಟೆಕ್ಸ್ಟ್ ಫೈಲುಗಳು. ಯಾವುದಾದರೂ ಸಾಧನ ಚುಚ್ಚಿದ ತಕ್ಷಣ ಲಿನಕ್ಸ್‌ನ ತಿರುಳಾದ ಕರ್ನಲ್ ಅದಕ್ಕೊಂದು ಉದ್ದನೆಯ ಗುರುತು ಕೊಡುತ್ತದೆ. ಯಾವ ಬಸ್ (ಅಂದರೆ ಯಾವ ದಾರಿಯಲ್ಲಿ ಜೋಡಣೆಯಾಗಿದೆ), ಯಾವ ಕಂಪನಿ, ಯಾವ ಮಾಡೆಲ್, ಎಲ್ಲವೂ ನಂಬರುಗಳಲ್ಲಿ. (ಕಂಪ್ಯೂಟರಿನೊಳಗೆ ಕೂರುವ ಪಿಸಿಐ ಸಾಧನಗಳಲ್ಲಿ ಇಂಟೆಲ್‌ನ ನಂಬರ್ 8086. 1978ರ ತನ್ನದೇ ಚಿಪ್ಪಿನ ಹೆಸರನ್ನೇ ಇಟ್ಟುಕೊಂಡಿದೆ, ನೋಡಿದಾಗಲೆಲ್ಲ ನಗು ಬರುತ್ತದೆ.) ಈ ಗುರುತು ಫೈಲಿನ ಯಾವ ಪ್ಯಾಟರ್ನ್‌ಗೆ ಹೊಂದುತ್ತದೋ ಅದರ ಕೆಳಗೆ ಬರೆದ ಗುಣಗಳು (ನನ್ನ ವಿಷಯದಲ್ಲಿ ‘ಈ ಕೀ ಕಂಟ್ರೋಲ್ ಆಗಲಿ’ ಅನ್ನುವುದು) ಆ ಸಾಧನಕ್ಕೆ ಅಂಟಿಕೊಳ್ಳುತ್ತವೆ, ಅಷ್ಟೇ. ಮೌಸ್‌ನ ಡಿಪಿಐ (ಒಂದಿಂಚು ಸರಿಸಿದರೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಕೂಡ ಹೀಗೇ ಸಿಗುವುದು. ಅಲ್ಲಿ ಸಿಗದಿದ್ದರೆ ಮೌಸ್, ಕೀಬೋರ್ಡ್ ನೋಡಿಕೊಳ್ಳುವ ಲಿಬ್‌ಇನ್‌ಪುಟ್ ಲೈಬ್ರರಿ 1000 ಅಂತ ಅಂದುಕೊಂಡು ಮುಂದೆ ಹೋಗುತ್ತದೆ. ಅಂದರೆ ಸಿಸ್ಟಮ್‌ಗೆ ನಿಮ್ಮ ಕೀಬೋರ್ಡ್ ಬಗ್ಗೆ ಏನೂ ಗೊತ್ತಿಲ್ಲ. ಅದು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ, ಪ್ಯಾಟರ್ನ್‌ನಲ್ಲಿ ಸ್ಟಾರ್ (*) ಇದ್ದ ಕಡೆ ಏನಿದ್ದರೂ ಬಿಟ್ಟುಬಿಡುತ್ತದೆ.

ಈ ಹೋಲಿಕೆಯಲ್ಲೇ ನಾನು ಎಡವಿದ್ದು. ಯುಎಸ್‌ಬಿ ಪಟ್ಟಿ ತೋರಿಸುವ ಕಮಾಂಡ್ ನಂಬರುಗಳನ್ನು ಸಣ್ಣಕ್ಷರದಲ್ಲಿ ಕೊಡುತ್ತದೆ, ಪ್ಯಾಟರ್ನ್‌ನಲ್ಲಿ ಅವು ದೊಡ್ಡಕ್ಷರದಲ್ಲೇ ಇರಬೇಕು. ಗುಣ ಬರೆಯುವ ಸಾಲಿನ ಮೊದಲಿಗೆ ಒಂದು ಸ್ಪೇಸ್ ಬೇಕು, ಎಡಕ್ಕೆ ಅಂಟಿಸಿ ಬರೆದರೆ ಅದನ್ನೂ ಇನ್ನೊಂದು ಪ್ಯಾಟರ್ನ್ ಅಂದುಕೊಳ್ಳುತ್ತದೆ. ಇವೆರಡನ್ನೂ ಸರಿ ಮಾಡಿದ ಮೇಲೂ ಏನೂ ಆಗಲಿಲ್ಲ, ಯಾಕಂದರೆ ಯೂಡೆವ್ ಓದುವುದು ನಾನು ತಿದ್ದಿದ ಫೈಲನ್ನಲ್ಲ, ಅದರಿಂದ ತಯಾರಾದ ಬೈನರಿ ಫೈಲನ್ನು. ಅದನ್ನು ಮತ್ತೆ ತಯಾರಿಸಿ, ಕೀಬೋರ್ಡ್ ಕಿತ್ತು ಮತ್ತೆ ಚುಚ್ಚಿದೆ. ಕ್ಯಾಪ್ಸ್ ಲಾಕ್ ಕಂಟ್ರೋಲ್ ಆಯಿತು!

ವೈರ್ ತೆಗೆದು ಬ್ಲೂಟೂತ್‌ಗೆ ಹೋದೆ. ಮತ್ತೆ ಕ್ಯಾಪ್ಸ್ ಲಾಕ್.

ಅದೇ ಕೀಬೋರ್ಡ್, ಅದೇ ಕೀ, ಕೀ ಕಳಿಸುವ ಕೋಡ್ ಕೂಡ ಅದೇ 70039. ಇದರಲ್ಲಿ 7 ಅಂದರೆ ಕೋಡುಗಳ ಪಟ್ಟಿಯಲ್ಲಿ ಕೀಬೋರ್ಡಿನ ಪುಟ, 39 ಅಂದರೆ ಕ್ಯಾಪ್ಸ್ ಲಾಕ್. ಬದಲಾಗಿದ್ದು ಬಸ್. ಯುಎಸ್‌ಬಿಗೆ 0003, ಬ್ಲೂಟೂತ್‌ಗೆ 0005. ನನ್ನ ಪ್ಯಾಟರ್ನ್ ಶುರುವಾಗುತ್ತಿದ್ದದ್ದೇ 0003ರಿಂದ. ಮಾಡೆಲ್ ನಂಬರ್ ಕೂಡ ಬೇರೆ ಇತ್ತು, ಹಾಗಾಗಿ ಸಿಸ್ಟಮ್ ಲೆಕ್ಕದಲ್ಲಿ ಇದು ಬೇರೆಯೇ ಕೀಬೋರ್ಡ್. ಎಲ್ಲ ಕಡೆ ಸ್ಟಾರ್ ಹಾಕಿಬಿಡೋಣ ಅನ್ನಿಸಿದ್ದು ನಿಜ. ಆದರೆ ಹಾಗೆ ಮಾಡಿದರೆ ನಾಳೆ ಬೇರೆಯವರ ಯುಎಸ್‌ಬಿ ಕೀಬೋರ್ಡ್ ಚುಚ್ಚಿದರೂ ಅದೇ ಗತಿ, ಅಲ್ವಾ? ಎರಡು ಪ್ಯಾಟರ್ನ್ ಒಂದರ ಕೆಳಗೊಂದು ಬರೆದು ಕೆಳಗೆ ಒಂದೇ ಗುಣ ಕೊಟ್ಟೆ, ಅದಕ್ಕೆ ಅವಕಾಶ ಇದೆ. ಫೈಲಿನ ಹೆಸರು 90ರಿಂದ ಶುರು ಮಾಡಿದೆ. ಫೈಲುಗಳನ್ನು ಹೆಸರಿನ ಕ್ರಮದಲ್ಲಿ ಓದುವುದರಿಂದ ಒಂದೇ ಗುಣ ಎರಡು ಕಡೆ ಇದ್ದರೆ ಕೊನೆಗೆ ಬಂದ ಫೈಲಿನ ಮಾತೇ ನಡೆಯುವುದು, ಸಿಸ್ಟಮ್‌ನ ಕೀಬೋರ್ಡ್ ಫೈಲ್ ಇರುವುದು 60ರಲ್ಲಿ.

ಇದೇ ಡೇಟಾಬೇಸ್‌ಗೆ ಒಂದು ಕ್ವೆರಿ ಕಮಾಂಡ್ ಇದೆ, ಸಾಧನದ ಗುರುತು ಕೊಟ್ಟರೆ ಯಾವ ಗುಣ ಅಂಟುತ್ತದೆ ಅಂತ ಹೇಳುತ್ತದೆ, ಖಾಲಿ ಬಂದರೆ ಪ್ಯಾಟರ್ನ್ ಹೊಂದಿಲ್ಲ ಅಂತಲೇ. ನಾನದನ್ನು ನೋಡಿದ್ದು ಎಲ್ಲ ಮುಗಿದ ಮೇಲೆ.